ಅಪ್ಪಣೆ ಕನ್ನಡದಲ್ಲಿ, ಕಾರಣ ಇಂಗ್ಲಿಷಿನಲ್ಲಿ!



2022ರ ಡಿಸೆಂಬರ್ 27 ನೆನಪಿದೆಯೇ? ನಾಗಪುರದಲ್ಲಿ ಸೇರಿದ್ದ ಮಹಾರಾಷ್ಟ್ರದ ವಿಧಾನಮಂಡಲ ಅಂದು ಒಂದು ಠರಾವು ಪಾಸು ಮಾಡಿತು. ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ್, ಭಾಲ್ಕಿ ಸೇರಿ 865 ಹಳ್ಳಿಗಳ ಇಂಚಿಂಚು ನೆಲವೂ ತಮಗೇ ಬೇಕಂತೆ! ಅದಕ್ಕೆ ಐದು ದಿನ ಮುಂಚೆಯೇ ಬೆಳಗಾವಿಯ ಸುವರ್ಣಸೌಧದಲ್ಲಿ ನಮ್ಮ ಉಭಯ ಸದನಗಳು ಒಕ್ಕೊರಲಿನಿಂದ ಹೇಳಿಯಾಗಿತ್ತು, ಒಂದಿಂಚೂ ಕೊಡುವುದಿಲ್ಲ ಎಂದು. ನೀವೂ ಕೂಗಿದಿರಿ, ನಾವೂ ಕೂಗಿದೆವು. ಗಂಟಲು ಹರಿಯುವ ಹಾಗೆ ಕೂಗಿದೆವು. ತಪ್ಪೇನೂ ಇಲ್ಲ, ನಾಳೆ ಮತ್ತೆ ಠರಾವು ಮಾಡಿದರೆ ಮತ್ತೆ ಕೂಗೋಣ.

ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಡಿಯಾಚೆಯವನಿಗೆ ಇಂಚು ಕೊಡದ ನಾವು ಗಡಿಯೀಚೆ ಎಷ್ಟು ಎಕರೆ ಕೊಟ್ಟೆವು? ಯಾರಿಗೆ ಕೊಟ್ಟೆವು? ಎಕರೆಗೆ ಎಷ್ಟಕ್ಕೆ ಕೊಟ್ಟೆವು? ಆ ಕಾಗದಕ್ಕೆ ಸಹಿ ಹಾಕಿದವರು ಯಾರು? ಸಹಿ ಹಾಕಿದ ಕಾಗದ ಯಾವ ಭಾಷೆಯಲ್ಲಿತ್ತು?

ಗೊತ್ತಿಲ್ಲ, ಅಲ್ಲವೇ? ಇಂಚಿನ ಲೆಕ್ಕ ಬಾಯಿಪಾಠ, ಎಕರೆಯ ಲೆಕ್ಕ ಮಾತ್ರ ಯಾರಿಗೂ ಗೊತ್ತಿಲ್ಲ! ಇದು ನಿಮ್ಮ ಒಬ್ಬರ ತಪ್ಪಲ್ಲ. ನಿಮಗೆ ಗೊತ್ತಾಗದ ಹಾಗೆಯೇ ಅದನ್ನು ಇಟ್ಟಿದ್ದಾರೆ.

ಠರಾವಿನಲ್ಲಿ ಹೆಸರು ಬಂದ ಆ ಭಾಲ್ಕಿಯ ಕಡೆಗೆ ಒಮ್ಮೆ ಬನ್ನಿ. ಬಸವಕಲ್ಯಾಣದಿಂದ ಭಾಲ್ಕಿಗೆ ಹೋಗುವ ದಾರಿಯಲ್ಲಿ ಹುಲಸೂರ ಸಿಗುತ್ತದೆ. 2018ರಲ್ಲಿ ತಾಲೂಕಾದ ಊರು. ಸುತ್ತ ತೊಗರಿ, ಸೋಯಾ, ಕಡಲೆ, ಜೋಳದ ಹೊಲ. ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಆ ಸೀಮೆಯ ಯಾವುದಾದರೂ ಹಳೇ ಒಕ್ಕಲುತನದ ಮನೆಗೆ ಹೋಗಿ ಹೊಲದ ಕಾಗದ ತೋರಿಸಿ ಅನ್ನಿ. ತಗಡಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಮೇಲುಗಡೆ ಕಂಪ್ಯೂಟರ್ ಪಹಣಿ. ಅದರ ಕೆಳಗೆ ಶಾನುಭೋಗನೋ ತಲಾಟಿಯೋ ಕೈಯಲ್ಲಿ ಬರೆದ ಪಹಣಿ. ಎಲ್ಲಕ್ಕಿಂತ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟ, ಮಡಿಕೆ ಮಡಿಕೆಗೆ ಹರಿದ ನಿಜಾಮನ ಕಾಲದ ಉರ್ದು ಕಾಗದ. ಮನೆಯಲ್ಲಿ ಯಾರಿಗೂ ಅದು ಓದಲಿಕ್ಕೆ ಬಾರದು. "ಇದರಾಗ ಏನ್ ಬರದಾರ ಓದಿ ಹೇಳ್ರಿ" ಎಂದು ಬಂದವರ ಕೈಗೆ ಕೊಡುತ್ತಾರೆ. ಓದಲಾಗದಿದ್ದರೂ ಬಿಸಾಡಿಲ್ಲ. ಯಾಕೆ ಹೇಳಿ? ತನಗೆ ಓದಲಾಗದ ಕಾಗದದಿಂದ ಹೊಲ ಬರುತ್ತದೆ, ತನಗೆ ಓದಲಾಗದ ಕಾಗದದಿಂದಲೇ ಹೊಲ ಹೋಗುತ್ತದೆ ಎಂಬುದನ್ನು ಆ ಮನೆ ಮೂರು ತಲೆಮಾರಿನಿಂದ ಕಂಡಿದೆ.

ಕಲ್ಯಾಣ ಆಗ ನವಾಬನ ಜಹಗೀರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಬಿತ್ತು, 1949ರಲ್ಲಿ ಜಹಗೀರುಗಳು ರದ್ದಾದವು, 1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆ ಮೂರು ಹೋಳಾಗಿ ನಮ್ಮ ಪಾಲು ನಮಗೆ ಬಂತು. ನಮ್ಮ ಭಾಷೆಯ ರಾಜ್ಯ, ನಮ್ಮ ಭಾಷೆಯ ದಫ್ತರ ಎಂದು ಆ ಜನ ನಂಬಿದರು. ಉರ್ದುವಿನ ಮೇಲೆ ನನಗೇನೂ ಸಿಟ್ಟಿಲ್ಲ, ಹುಲಸೂರಿನಲ್ಲಿ ಅದು ಪಕ್ಕದ ಮನೆಯ ಮಾತು. ಸಿಟ್ಟಿರುವುದು ಆಳುವವನ ಕಾಗದ ಉಳುವವನಿಗೆ ತಿಳಿಯಬಾರದು ಎಂಬ ಆ ಹಳೇ ಚಾಳಿಯ ಮೇಲೆ. ನವಾಬ ಹೋದ. ಚಾಳಿ ಹೋಯಿತೇ?

ಈಗೆಲ್ಲ ಕನ್ನಡವೇ ಆಡಳಿತ ಭಾಷೆಯಲ್ಲವೇ, ಭೂಸ್ವಾಧೀನದ ನೋಟಿಸು ಕನ್ನಡದಲ್ಲೇ ಬರುತ್ತದಲ್ಲವೇ ಎಂದು ಕೇಳುತ್ತೀರಿ. ಬರುತ್ತದೆ ಸ್ವಾಮಿ, ಚೆನ್ನಾಗಿಯೇ ಬರುತ್ತದೆ! ಸರ್ವೆ ನಂಬರು ಕನ್ನಡದಲ್ಲಿ, ಎಕರೆ-ಗುಂಟೆ ಕನ್ನಡದಲ್ಲಿ, ಚೆಕ್ಕುಬಂದಿ ಕನ್ನಡದಲ್ಲಿ, ಖಾತೆದಾರನ ಹೆಸರು ಕನ್ನಡದಲ್ಲಿ. "ಸದರಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲು ಉದ್ದೇಶಿಸಲಾಗಿದೆ" ಎಂಬುದು ಶುದ್ಧ ಕನ್ನಡದಲ್ಲಿ. ನಿನ್ನ ಹೊಲ ಬಿಡು ಎನ್ನುವುದನ್ನು ಕನ್ನಡದಲ್ಲಿ ಹೇಳುತ್ತಾರೆ. ಯಾಕೆ ಬಿಡಬೇಕು? ಆ ಹೊಲದಲ್ಲಿ ಯಾರು ಏನು ಕಟ್ಟುತ್ತಾರೆ? ಅವರಿಗೆ ಅಷ್ಟು ಎಕರೆ ನಿಜಕ್ಕೂ ಬೇಕೇ? ಸರ್ಕಾರ ಅವರಿಗೆ ಎಷ್ಟಕ್ಕೆ ಕೊಡುತ್ತದೆ? ನೀರು ಎಲ್ಲಿಂದ? ಕೆಲಸ ಎಷ್ಟು ಜನಕ್ಕೆ, ಯಾರಿಗೆ? ಕಟ್ಟದಿದ್ದರೆ ಗತಿಯೇನು? ಇದೆಲ್ಲ ಇರುವುದು ಕಂಪನಿಯ ಜೊತೆ ಮಾಡಿಕೊಂಡ ಒಡಂಬಡಿಕೆಯಲ್ಲಿ, ಯೋಜನಾ ವರದಿಯಲ್ಲಿ, ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಉನ್ನತ ಮಟ್ಟದ ಒಪ್ಪಿಗೆ ಸಮಿತಿಯ ನಡಾವಳಿಯಲ್ಲಿ. ಅವು ಬಹುಪಾಲು ಇಂಗ್ಲಿಷು. ಪರಿಸರ ಪರಿಣಾಮದ ವರದಿಯಂತೂ ನೂರಾರು ಪುಟ ಇಂಗ್ಲಿಷು, ಕನ್ನಡಕ್ಕೆ ಸಿಗುವುದು ಸಾರಾಂಶವೆಂಬ ನಾಲ್ಕು ಹಾಳೆ.

ಅಪ್ಪಣೆ ಕನ್ನಡದಲ್ಲಿ, ಕಾರಣ ಇಂಗ್ಲಿಷಿನಲ್ಲಿ! ಆಳುಮಕ್ಕಳ ಜೊತೆ ಒಂದು ಭಾಷೆ, ತಮ್ಮತಮ್ಮಲ್ಲಿ ಒಂದು ಭಾಷೆ. ನವಾಬರ ಕಾಲದಲ್ಲಿ ಹೀಗೇ ಇತ್ತು.

2023ರ ಡಿಸೆಂಬರ್ 27ರಂದು, ನೋಡಿ ಮತ್ತೆ ಅದೇ ತಾರೀಖು, ಬೆಂಗಳೂರಿನಲ್ಲಿ ನಾಮಫಲಕಕ್ಕಾಗಿ ಬೀದಿಗಿಳಿದ ಹುಡುಗರಲ್ಲಿ ನೀವೂ ಇದ್ದಿರಬಹುದು. ಲಾಠಿ ತಿಂದಿರಬಹುದು, ಜೈಲಿಗೂ ಹೋಗಿರಬಹುದು. ಫಲಕದಲ್ಲಿ ಶೇ. 60 ಕನ್ನಡ ಎಂಬ ಕಾನೂನು ಬಂತು. ಸಂತೋಷ. ಕಾರ್ಖಾನೆಯ ಗೇಟಿನ ಮೇಲೆ ಈಗ ಕನ್ನಡ ಇದೆ. ಆ ಗೇಟು ನಿಂತ ನೆಲದ ಕರಾರಿನಲ್ಲಿ ಶೇ. ಎಷ್ಟು ಕನ್ನಡ ಇದೆ ಎಂದು ಒಬ್ಬನಾದರೂ ಕೇಳಿದನೇ?

ಹೊಲ ಹೇಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕಾನೂನು ಎಂದ ಕೂಡಲೇ ಪುಟ ತಿರುವಬೇಡಿ.

ಕರ್ನಾಟಕದಲ್ಲಿ ಕೈಗಾರಿಕೆಗೆ ಭೂಮಿ ಹಿಡಿಯುವುದು 1966ರ ಒಂದು ಕಾಯ್ದೆಯಲ್ಲಿ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆ. ಕೆಐಎಡಿಬಿ ಎಂದರೆ ಹಳ್ಳಿಯ ಮಕ್ಕಳಿಗೂ ಗೊತ್ತು. ಮೊದಲು ನಿಮ್ಮ ಹೊಲವನ್ನು ಕೈಗಾರಿಕಾ ಪ್ರದೇಶ ಎಂದು ಘೋಷಿಸುತ್ತಾರೆ. 28(1) ಎಂಬ ಕಲಮಿನಲ್ಲಿ ಭೂಮಿ ಬೇಕು ಎಂಬ ಅಧಿಸೂಚನೆ. ಎಷ್ಟೋ ಕಡೆ ಇವೆಲ್ಲ ಒಂದೇ ದಿನ! ಆಮೇಲೆ ಆಕ್ಷೇಪಣೆಗೆ 30 ದಿನದ ನೋಟಿಸು. ವಿಚಾರಣೆ ಎಂಬ ಶಾಸ್ತ್ರ. 28(4)ರಲ್ಲಿ ಅಂತಿಮ ಘೋಷಣೆ. ಅದು ಪ್ರಕಟವಾದ ಕ್ಷಣಕ್ಕೆ ಹೊಲ ಸರ್ಕಾರದ್ದು. ಈ ನಡುವೆ ಪಹಣಿಯ 11ನೇ ಕಾಲಮಿನಲ್ಲಿ ಮಂಡಳಿಯ ಹೆಸರು ಕೂತಿರುತ್ತದೆ. ಅದು ಕೂತ ಮೇಲೆ ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ, ಕೊಳ್ಳುವವನು ಹತ್ತಿರ ಸುಳಿಯುವುದಿಲ್ಲ, ಮಗಳ ಮದುವೆಗೆ ಎರಡು ಎಕರೆ ಮಾರೋಣ ಎಂದರೆ ಆಗುವುದಿಲ್ಲ. ಹೊಲ ಇನ್ನೂ ಹೋಗಿಲ್ಲ, ಆದರೆ ಇಲ್ಲದ ಹಾಗೆ. ಇಡೀ ಕಾಯ್ದೆಯಲ್ಲಿ ಊರಿನ ಗ್ರಾಮಸಭೆಯನ್ನು ಕೇಳಬೇಕು ಎಂಬ ಒಂದು ಸಾಲು ಹುಡುಕಿ ಕೊಡಿ ನೋಡೋಣ!

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಇದೇ ಆದದ್ದು. 13 ಹಳ್ಳಿ, 1,777 ಎಕರೆ. ರಾಗಿ, ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ, ಹಾಲು. ಬೆಂಗಳೂರಿನಲ್ಲಿ ನೀವು ತಿನ್ನುವ ತರಕಾರಿ ಎಲ್ಲಿಂದ ಬರುತ್ತದೆ ಎಂದುಕೊಂಡಿರಿ? 2021ರಲ್ಲಿ ಆ ಹೊಲಗಳ ಮೇಲೆ ಅಧಿಸೂಚನೆ ಬಿತ್ತು, ವಿಮಾನದ ಬಿಡಿಭಾಗ ಮತ್ತು ರಕ್ಷಣಾ ಕೈಗಾರಿಕೆಗೆ ಅಂತೆ. ಯಾವ ಕಂಪನಿಗೆ ಎಷ್ಟು, ಯಾಕಷ್ಟು? ಯಾರೂ ಮೊದಲು ಬಂದು ಹೇಳಲಿಲ್ಲ, ಕೇಳಲಿಲ್ಲ. 2022ರ ಏಪ್ರಿಲ್ 4ಕ್ಕೆ ರೈತರು ಧರಣಿ ಕೂತರು. ಬಹುಪಾಲು ಕುಟುಂಬಗಳು ಕೊಡುವುದಿಲ್ಲ ಎಂದವು. ಒಂದು ಸರ್ಕಾರ ಹೋಗಿ ಇನ್ನೊಂದು ಬಂತು. ವಿರೋಧ ಪಕ್ಷದಲ್ಲಿದ್ದಾಗ ಬಂದು ಪಕ್ಕದಲ್ಲಿ ಕೂತು ಬೆಂಬಲ ಕೊಟ್ಟವರೇ ಮುಖ್ಯಮಂತ್ರಿಯಾದರು, ಅಧಿಸೂಚನೆ ಅಲ್ಲೇ ಇತ್ತು. 2025ರ ಜೂನ್ 25ರಂದು ಪೊಲೀಸರು ಪ್ರತಿಭಟನಾಕಾರರನ್ನು ಎಳೆದು ವ್ಯಾನಿಗೆ ತುಂಬಿದರು. ಇಡೀ ನಾಡು ತಿರುಗಿ ನೋಡಿತು. ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ, ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು. ಇಷ್ಟವಿದ್ದವರು ಕೊಡಬಹುದು ಎಂಬ ಬಾಲ ಸೇರಿಸಿ.

1,198 ದಿನ! ಯೋಚಿಸಿ. ಮೂರು ವರ್ಷ ಮೂರು ತಿಂಗಳು ಬೀದಿಯಲ್ಲಿ ಕೂತ ಮೇಲೆ ಸಿಕ್ಕ ಉತ್ತರವನ್ನು ಮೊದಲ ತಿಂಗಳು ಗ್ರಾಮಸಭೆಯಲ್ಲಿ ಕೇಳಿದ್ದರೆ ಪಡೆಯಬಹುದಿತ್ತು.

ಅವತ್ತೇ ಇನ್ನೊಂದು ನಾಟಕ ನಡೆಯಿತು. ಆಂಧ್ರದ ಮಂತ್ರಿ ನಾರಾ ಲೋಕೇಶ್, ನಮ್ಮಲ್ಲಿ 8 ಸಾವಿರ ಎಕರೆ ಸಿದ್ಧವಿದೆ, ಬೆಂಗಳೂರಿನ ಪಕ್ಕದಲ್ಲೇ ಇದೆ, ಬನ್ನಿ ಎಂದು ಕಂಪನಿಗಳಿಗೆ ಬಹಿರಂಗವಾಗಿ ಕರೆ ಕೊಟ್ಟರು. ಅಷ್ಟಕ್ಕೇ ನಮ್ಮ ಕೆಲವು ಕನ್ನಡ ಹುಡುಗರು ಮೊಬೈಲು ಹಿಡಿದು ಸಿಟ್ಟಾದರು. ಆಂಧ್ರದ ಮೇಲೆ ಸಿಟ್ಟಾದರೆ ಸರಿ ಅನ್ನಬಹುದು. ಇವರು ಸಿಟ್ಟಾದದ್ದು ಚನ್ನರಾಯಪಟ್ಟಣದ ರೈತನ ಮೇಲೆ! ಇವನಿಂದಾಗಿ ನಮ್ಮ ಕೆಲಸ ಹೋಯಿತಂತೆ. ಕನ್ನಡದ ಅಂಗಡಿಯವನ ಬೋರ್ಡಿಗೆ ಎದೆ ಕೊಡುವವರು ಕನ್ನಡದ ರೈತನ ಹೊಲದ ಮುಂದೆ ಕಂಪನಿಯ ವಕೀಲರಾಗಿಬಿಟ್ಟರು.

ಇನ್ನು ಆ ಕೆಲಸದ ಮಾತು. ಮಾತಾಡೋಣ. ಹುಲಸೂರ, ಬಸವಕಲ್ಯಾಣ, ಹುಮನಾಬಾದಿನ ಹುಡುಗರು ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಗುಳೆ ಹೋಗುತ್ತಾರೆ. ಕಾರ್ಖಾನೆ ಬೇಡ ಎನ್ನಲು ನನಗೆ ಹುಚ್ಚಿಲ್ಲ. ನಮ್ಮ ಕೈಗಾರಿಕಾ ನೀತಿ ಒಟ್ಟಾರೆ ಶೇ. 70 ಕೆಲಸ ಕನ್ನಡಿಗರಿಗೆ, ಡಿ ದರ್ಜೆಯಲ್ಲಿ ಶೇ. 100 ಎನ್ನುತ್ತಾ ಬಂದಿದೆ. ಭೂಮಿ ಹೋದ ಮನೆಗೆ ಒಂದು ನೌಕರಿ ಎಂಬ ಮಾತೂ ಕೊಡುತ್ತಾರೆ. ಹಾಗಾದರೆ ಎಕರೆ ತೆಗೆದುಕೊಂಡ ಪ್ರತಿ ಕಂಪನಿಯ ಗೇಟಿನ ಹೊರಗೆ ಒಂದು ಪಟ್ಟಿ ಅಂಟಿಸಲಿ: ಇಷ್ಟು ಭೂಮಿ ಪಡೆದೆವು, ಇಷ್ಟು ನೌಕರಿ ಹೇಳಿದ್ದೆವು, ಇಷ್ಟು ಕೊಟ್ಟೆವು, ಅದರಲ್ಲಿ ಭೂಮಿ ಕಳೆದುಕೊಂಡ ಮನೆಯವರು ಇಷ್ಟು. ಅಂಥ ಪಟ್ಟಿ ನೀವು ಎಲ್ಲಾದರೂ ಕಂಡಿದ್ದೀರಾ? 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗದ ಮಸೂದೆಗೆ ಸಂಪುಟ ಒಪ್ಪಿತು. ಕಂಪನಿಗಳ ಕೂಟ ಹುಬ್ಬು ಗಂಟಿಕ್ಕಿತು. ಎರಡೇ ದಿನದಲ್ಲಿ ಮಸೂದೆ ತಡೆಹಿಡಿದರು. ರೈತನ ಮಾತಿಗೆ 1,198 ದಿನ, ಕಂಪನಿಯ ಮಾತಿಗೆ ಎರಡು ದಿನ!

ನೆಲ ಕೊಡುವಾಗ ಕಾಗದದಲ್ಲಿ ಬರೆಸಿಕೊಳ್ಳದ ನೌಕರಿಯನ್ನು ಆಮೇಲೆ ಬೀದಿಯಲ್ಲಿ ಕೂಗಿ ಪಡೆಯಲಿಕ್ಕಾಗದು. ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ಕೂಗಿ ಕೂಗಿ ತಲೆ ನೆರೆದವರನ್ನು ಕೇಳಿ, ಹೇಳುತ್ತಾರೆ.

2013ರಲ್ಲಿ ದೇಶಕ್ಕೊಂದು ಹೊಸ ಭೂಸ್ವಾಧೀನ ಕಾಯ್ದೆ ಬಂತು. ಬ್ರಿಟಿಷರ 1894ರ ಕಾಯ್ದೆ ಹೋಯಿತು. ಅದರಲ್ಲಿ ನಮ್ಮಂಥ ಭಾಷೆಯವರ ಎದೆ ಅರಳಬೇಕಾದ ಮಾತುಗಳಿವೆ, ಆದರೆ ಕನ್ನಡದ ವೇದಿಕೆಗಳಲ್ಲಿ ಅದರ ಸುದ್ದಿಯೇ ಇಲ್ಲ. ಭೂಮಿ ಹಿಡಿಯುವ ಮುಂಚೆ ಆ ಊರಿನ ಮೇಲೆ ಏನು ಪರಿಣಾಮವಾಗುತ್ತದೆ ಎಂದು ಅಧ್ಯಯನ ಮಾಡಬೇಕು. ಕೇಳಿದಷ್ಟು ಭೂಮಿ ನಿಜಕ್ಕೂ ಬೇಕೇ, ಬೇರೆ ಜಾಗ ಇದೆಯೇ ಎಂದು ನೋಡಬೇಕು. ಊರಿನಲ್ಲೇ ಬಹಿರಂಗ ವಿಚಾರಣೆ ಆಗಬೇಕು. ಆ ವರದಿ ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿಯಲ್ಲಿ, ತಹಸೀಲು ಕಚೇರಿಯಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗಬೇಕು. ಸ್ಥಳೀಯ ಭಾಷೆಯಲ್ಲಿ! ಖಾಸಗಿ ಕಂಪನಿಗಾದರೆ ಶೇ. 80 ಕುಟುಂಬಗಳ ಒಪ್ಪಿಗೆ, ಸರ್ಕಾರ-ಖಾಸಗಿ ಪಾಲುದಾರಿಕೆಯಾದರೆ ಶೇ. 70. ಕಾರಣವನ್ನೂ ಕನ್ನಡದಲ್ಲೇ ಹೇಳಬೇಕು ಎಂದು ಪಾರ್ಲಿಮೆಂಟು ಬರೆದ ಕಾನೂನು ಇದು. ದಿಲ್ಲಿ ಕನ್ನಡಕ್ಕೆ ಏನೂ ಕೊಟ್ಟಿಲ್ಲ ಎನ್ನುವ ನಾವು ಕೊಟ್ಟದ್ದನ್ನಾದರೂ ಹಿಡಿದುಕೊಂಡೆವೇ?

ಹಿಡಿದುಕೊಳ್ಳುವುದಿರಲಿ, ನಮ್ಮದೇ ಬೆಂಗಳೂರು ಅದನ್ನು ಕಿತ್ತುಹಾಕಿತು. ಒಂದು, ಕೈಗಾರಿಕೆಗೆ ಆ ಹಳೇ 1966ರ ಕಾಯ್ದೆಯ ಬಾಗಿಲಿನಿಂದಲೇ ಹೋದರು, ಅಲ್ಲಿ ಈ ಅಧ್ಯಯನ, ಒಪ್ಪಿಗೆ ಎಂಬ ರಗಳೆ ಇಲ್ಲ. ಇನ್ನೊಂದು, 2019ರಲ್ಲಿ ರಾಜ್ಯದ ತಿದ್ದುಪಡಿ ತಂದು ಎಷ್ಟೋ ಬಗೆಯ ಯೋಜನೆಗಳಿಗೆ ಪರಿಣಾಮದ ಅಧ್ಯಯನದಿಂದ ವಿನಾಯಿತಿ ಕೊಡುವ ಅಧಿಕಾರವನ್ನು ತಾವೇ ಇಟ್ಟುಕೊಂಡರು. ಕನ್ನಡದಲ್ಲಿ ಕಾರಣ ಹೇಳುವ ಹೊಣೆಯನ್ನು ಕಳಚಿಕೊಂಡವರು ಹಿಂದಿಯವರಲ್ಲ, ಮರಾಠಿಗರಲ್ಲ. ನವೆಂಬರ್ 1ಕ್ಕೆ ಹಳದಿ-ಕೆಂಪು ಶಾಲು ಹೊದ್ದು ಭಾಷಣ ಮಾಡುವ ನಮ್ಮವರೇ!

ಹೆದ್ದಾರಿಯ ಕತೆ ಇನ್ನೂ ಚೆಂದ. ಹುಮನಾಬಾದ್ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಮೊದಲು 9 ಎಂದಿತ್ತು, ನೀವು ನೋಡಿರಬಹುದು. ಅಂಥ ಹೆದ್ದಾರಿಗೆ ಭೂಮಿ ಹೋಗುವುದು 1956ರ ಕೇಂದ್ರ ಕಾಯ್ದೆಯಲ್ಲಿ. ಅಧಿಸೂಚನೆ ಭಾರತದ ರಾಜಪತ್ರದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಸ್ಥಳೀಯ ಭಾಷೆಯ ಒಂದು ಪತ್ರಿಕೆಯಲ್ಲಿ ಅದರ 'ಸಾರ' ಹಾಕಿದರೆ ಸಾಕು ಎಂದು ಕಾಯ್ದೆಯೇ ಹೇಳುತ್ತದೆ. ಆಕ್ಷೇಪಣೆಗೆ 21 ದಿನ. ಹೋಗುವುದು ಇಡೀ ಹೊಲ, ಕನ್ನಡಕ್ಕೆ ಬರುವುದು ಸಾರ! ಹಿಂದಿ ಹೇರಿಕೆ ಎಂದರೆ ಮೆಟ್ರೋ ಬೋರ್ಡು, ಬ್ಯಾಂಕಿನ ಚಲನ್ ಅಷ್ಟೇ ಎಂದುಕೊಂಡಿದ್ದೀರಲ್ಲ, ಈ ರಾಜಪತ್ರವನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ.

ಒಮ್ಮೆ ಭೂಮಿ ಹೋದ ಮೇಲೆ ಯಾರು ಹೊಣೆ? ಇದನ್ನು ಬೀದರಿನವರನ್ನೇ ಕೇಳಬೇಕು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಹತ್ತಿರ ಕಾರಂಜಾ ಅಣೆಕಟ್ಟು ಇದೆ. ಅರ್ಧ ಶತಮಾನದ ಹಿಂದಿನ ಯೋಜನೆ. ಅದರ ನೀರಿನಡಿ ಹೊಲ, ಮನೆ ಬಿಟ್ಟವರ ಮಕ್ಕಳು ಮೊಮ್ಮಕ್ಕಳು 2022ರಲ್ಲಿ ಬೀದರಿನ ಜಿಲ್ಲಾಧಿಕಾರಿ ಕಚೇರಿಯ ಎದುರು ವೈಜ್ಞಾನಿಕ ಪರಿಹಾರ ಕೊಡಿ ಎಂದು ಧರಣಿ ಕೂತರು. ವರ್ಷಗಟ್ಟಲೆ ಕೂತರು. ಆ ಕಾಲಕ್ಕಿದ್ದ 1894ರ ಕಾಯ್ದೆಯ ಒಳಮರ್ಮ ಒಂದನ್ನು ಹೇಳುತ್ತೇನೆ. ಅಧಿಕಾರಿ ಕಟ್ಟಿದ ಬೆಲೆ ಕಡಿಮೆಯಾಯಿತು ಎನ್ನುವವನು ಗೊತ್ತಾದ ಗಡುವಿನೊಳಗೆ ಬರಹದಲ್ಲಿ ಅರ್ಜಿ ಹಾಕಿ ಕೋರ್ಟಿಗೆ ಹೋಗಬೇಕಿತ್ತು. ಹೋದವನಿಗೆ ಬೆಲೆ ಏರುವ ದಾರಿ ಇತ್ತು. ಹೋಗದವನಿಗೆ ಕೊಟ್ಟಷ್ಟೇ ಗಟ್ಟಿ. 1984ರ ತಿದ್ದುಪಡಿ ಬಂದು, ಪಕ್ಕದ ಹೊಲದವನಿಗೆ ಕೋರ್ಟಿನಲ್ಲಿ ಬೆಲೆ ಏರಿದರೆ ನೀನೂ ಕೇಳಬಹುದು ಎಂದಿತು, ಅದಕ್ಕೂ ಮೂರೇ ತಿಂಗಳ ಗಡುವು. ಕಾಗದ ಓದಬಲ್ಲವನು, ವಕೀಲನ ಗುರುತಿದ್ದವನು ಗೆದ್ದ. ಹೆಬ್ಬೆಟ್ಟಿನವನು ಸೋತ. ಒಂದೇ ಮಣ್ಣು, ಒಂದೇ ನೀರು, ಒಂದೇ ದಿನ ಮುಳುಗಿದ ಎರಡು ಹೊಲಕ್ಕೆ ಎರಡು ಬೆಲೆ. ಅಕ್ಷರ ಬಲ್ಲವನಿಗೂ ಬಾರದವನಿಗೂ ಸರ್ಕಾರ ಕಟ್ಟಿದ ವ್ಯತ್ಯಾಸ ಅದು.

ಅಣೆಕಟ್ಟಿನಲ್ಲಿ ನೀರಾದರೂ ನಿಂತಿದೆ. ಬಳ್ಳಾರಿಯ ಕುಡತಿನಿಯಲ್ಲಿ ಏನು ನಿಂತಿದೆ? 2010ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹೂಡಿಕೆದಾರರ ಜಾತ್ರೆ ನಡೆಯಿತು. ಆರ್ಸೆಲರ್ ಮಿತ್ತಲ್, ಎನ್‌ಎಂಡಿಸಿ, ಉತ್ತಮ್ ಗಾಲ್ವಾ ಎಂದು ದೊಡ್ಡ ದೊಡ್ಡ ಹೆಸರು. ಕುಡತಿನಿ ಸುತ್ತ 12 ಸಾವಿರಕ್ಕೂ ಹೆಚ್ಚು ಎಕರೆ ಉಕ್ಕಿನ ಕಾರ್ಖಾನೆಗಳಿಗೆಂದು ಹೋಯಿತು. ಹತ್ತು ವರ್ಷ ಕಳೆದರೂ ಕುಲುಮೆ ಹೊತ್ತಲಿಲ್ಲ, ನೌಕರಿ ಹುಟ್ಟಲಿಲ್ಲ. 2022ರ ಡಿಸೆಂಬರಿನಲ್ಲಿ ಅಲ್ಲಿಯ ರೈತರು ಕೆಲಸ ಕೊಡಿ, ಇಲ್ಲವೇ ನ್ಯಾಯದ ಬೆಲೆ ಕೊಡಿ, ಇಲ್ಲವೇ ಹೊಲ ವಾಪಸು ಕೊಡಿ ಎಂದು ಕೂತರು. 2013ರ ಕಾಯ್ದೆಯಲ್ಲಿ ಐದು ವರ್ಷ ಬಳಸದ ಭೂಮಿ ಮೂಲ ಮಾಲೀಕನಿಗೋ ಸರ್ಕಾರದ ಭೂ ಬ್ಯಾಂಕಿಗೋ ಮರಳಬೇಕು ಎಂದಿದೆ. 1966ರ ಕಾಯ್ದೆಯಲ್ಲಿ ಆ ಮಾತಿಲ್ಲ. ಇವರು ಯಾವ ಬಾಗಿಲಿನಿಂದ ಯಾಕೆ ಹೋಗುತ್ತಾರೆ ಎಂಬುದು ಈಗ ಹೊಳೆಯಿತೇ?

ಪಕ್ಷದ ಬಾವುಟ ಹಿಡಿದವರಿಗೆ ಇನ್ನೊಂದು. ಸಂಡೂರಿನ ಜಿಂದಾಲ್ ಭೂಮಿ, 3,667 ಎಕರೆ. 2019ರ ಮೇ ತಿಂಗಳಲ್ಲಿ ದಳ-ಕಾಂಗ್ರೆಸ್ ಸಂಪುಟ ಮಾರಲು ಒಪ್ಪಿತು. ಬಿಜೆಪಿಯವರು ಬೆಂಗಳೂರಿನಲ್ಲಿ ಹಗಲೂ ರಾತ್ರಿ ಧರಣಿ ಮಲಗಿದರು, ಎಂಥಾ ಆವೇಶ! 2021ರ ಏಪ್ರಿಲ್‌ನಲ್ಲಿ ಅದೇ ಬಿಜೆಪಿ ಸಂಪುಟ ಅದೇ ಭೂಮಿ ಮಾರಲು ಒಪ್ಪಿತು, ಗಲಾಟೆಯಾದಾಗ ಹಿಂದೆ ಸರಿಯಿತು. 2024ರ ಆಗಸ್ಟ್ 22ಕ್ಕೆ ಕಾಂಗ್ರೆಸ್ ಸಂಪುಟ ಮಾರಿಯೇಬಿಟ್ಟಿತು. 2019ರಲ್ಲಿ ಪತ್ರ ಬರೆದು ಬರೆದು ವಿರೋಧಿಸಿದ್ದ ಎಚ್.ಕೆ. ಪಾಟೀಲರು ಆ ಸಂಪುಟದ ಕಾನೂನು ಮಂತ್ರಿ! ಬೆಲೆ ಎಕರೆಗೆ ಒಂದೂಕಾಲು ಲಕ್ಷದಿಂದ ಒಂದೂವರೆ ಲಕ್ಷದ ಆಸುಪಾಸು. ಹಳೇ ಲೀಸ್-ಕಂ-ಸೇಲ್ ಕರಾರಿನ ದರ ಅದು, ಕರಾರು ಮುರಿಯಲಾಗದು ಎಂಬುದು ಸಮಜಾಯಿಷಿ. ಇರಬಹುದು. ಆ ಕರಾರು ಏನು ಹೇಳುತ್ತದೆ ಎಂದು ಸಂಡೂರಿನ ಜನಕ್ಕೆ ಅವರ ಮಾತಿನಲ್ಲಿ ಓದಿ ಹೇಳಿದವರು ಯಾರು? ಮೂರು ಪಕ್ಷಗಳೂ ಅದನ್ನು ಓದಿದವು. ಅಧಿಕಾರದಲ್ಲಿದ್ದಾಗ ಒಂದು ಅರ್ಥ ಕಂಡಿತು, ಇಲ್ಲದಾಗ ಇನ್ನೊಂದು.

ಎಲ್ಲ ಕಡೆ ಸೋತೇ ಇದ್ದೇವೆ ಎಂದುಕೊಳ್ಳಬೇಡಿ. ಗದಗ ಜಿಲ್ಲೆಯ ಹಳ್ಳಿಗುಡಿಯನ್ನು ನೆನೆಯಿರಿ. ಕೊರಿಯಾದ ಪೋಸ್ಕೋ ಕಂಪನಿಗೆ 3,382 ಎಕರೆ ಬೇಕಿತ್ತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ಬೀದಿಗಿಳಿದರು. 2011ರ ಜುಲೈನಲ್ಲಿ ಸರ್ಕಾರ ಅಲ್ಲಿಂದ ಕಾಲು ಕಿತ್ತಿತು. ಆ ಸ್ವಾಮೀಜಿ ಯಾರು ಗೊತ್ತೇ? ಗೋಕಾಕ ಚಳವಳಿಯಲ್ಲಿ ನಿಂತವರು, ಜನ ಕನ್ನಡದ ಜಗದ್ಗುರು ಎಂದು ಕರೆದವರು. ಭಾಷೆಯ ಹೋರಾಟ ಬೇರೆ, ಹೊಲದ ಹೋರಾಟ ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಸಂಘಟನೆಗಳು ಹಳ್ಳಿಗುಡಿಯ ಮಾತೆತ್ತುವುದು ಅಪರೂಪ.

ಕಹಿಯಾದರೂ ಇದನ್ನು ನುಂಗಿಕೊಳ್ಳಿ: ನಾವೂ ಬೇರೆಯವರಿಗೆ ಹೀಗೇ ಮಾಡಿದ್ದೇವೆ. ಬೆಂಗಳೂರಿನ ಕರುತುರಿ ಗ್ಲೋಬಲ್ ಎಂಬ ಗುಲಾಬಿ ಹೂವಿನ ಕಂಪನಿ ಇಥಿಯೋಪಿಯಾದ ಗಂಬೆಲಾ ಪ್ರಾಂತ್ಯದಲ್ಲಿ 3 ಲಕ್ಷ ಹೆಕ್ಟೇರ್ ಭೂಮಿಗೆ ಮಾತಾಡಿಕೊಂಡಿತು, 1 ಲಕ್ಷ ಹೆಕ್ಟೇರ್ ಅದರ ಕೈಗೆ ಬಂತು. ವರ್ಷಕ್ಕೆ ಹೆಕ್ಟೇರಿಗೆ 20 ಬಿರ್ ಬಾಡಿಗೆ, 50 ವರ್ಷಕ್ಕೆ. ಭಾರತದ ಕಂಪನಿ ಗೆದ್ದಿತು ಎಂದು ಇಲ್ಲಿ ಹೆಮ್ಮೆಪಟ್ಟವರಿದ್ದರು. ಕರಾರು ಇಂಗ್ಲಿಷಿನಲ್ಲಿತ್ತು. ಆ ನೆಲದಲ್ಲಿ ತಲೆಮಾರುಗಳಿಂದ ಇದ್ದವರು ಅನುವಾಕ್ ಜನ, ಅವರ ಭಾಷೆ ಬೇರೆ. 2015ರ ಕೊನೆಗೆ ಅಲ್ಲಿಯ ಸರ್ಕಾರವೇ ಕರಾರು ರದ್ದು ಮಾಡಿತು. ಹುಲಸೂರಿನ ರೈತನೂ ಗಂಬೆಲಾದ ರೈತನೂ ಒಂದೇ ಜಾಗದಲ್ಲಿ ನಿಂತಿದ್ದಾರೆ, ತನಗೆ ಓದಲಾಗದ ಕಾಗದದ ಮುಂದೆ. ಇಂಥ ಭೂ ವ್ಯವಹಾರಗಳ ಗದ್ದಲ ನೋಡಿಯೇ 2012ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಆಹಾರ ಭದ್ರತಾ ಸಮಿತಿ ರೋಮಿನಲ್ಲಿ ಮಾರ್ಗಸೂಚಿ ಒಪ್ಪಿತು: ಭೂಮಿಯ ಮೇಲೆ ಬದುಕುವವರಿಗೆ ಮೊದಲೇ ತಿಳಿಸಿ, ತಿಳಿಯುವ ಭಾಷೆಯಲ್ಲಿ ತಿಳಿಸಿ, ಅವರ ಮಾತು ಕೇಳಿ. ಒಪ್ಪಿದ ದೇಶಗಳಲ್ಲಿ ಭಾರತವೂ ಇದೆ.

ಹಾಗಾದರೆ ನಮ್ಮ ಬೇಡಿಕೆ ಏನು? ಒಂದೇ ಒಂದು. ಕನ್ನಡದಲ್ಲಿ ಕಾರಣ ಹೇಳದೆ ಕನ್ನಡದಲ್ಲಿ ಅಪ್ಪಣೆ ಹೊರಡಿಸಬೇಡಿ. ಒಡಂಬಡಿಕೆ, ಯೋಜನಾ ವರದಿ, ಒಪ್ಪಿಗೆ ಸಮಿತಿಯ ನಡಾವಳಿ, ಹಂಚಿಕೆ ದರ, ನಕಾಶೆ ಇವೆಲ್ಲ ಪೂರ್ತಿ ಕನ್ನಡದಲ್ಲಿ ಪಂಚಾಯಿತಿಯ ಮೇಜಿನ ಮೇಲೆ ಬರುವ ತನಕ 30 ದಿನದ ಎಣಿಕೆ ಶುರುವಾಗಬಾರದು. ಕನ್ನಡ ಪ್ರತಿ ಇಲ್ಲದ ಅಧಿಸೂಚನೆ ಊರ್ಜಿತವಲ್ಲ ಎಂದು 1966ರ ಕಾಯ್ದೆಗೇ ತಿದ್ದುಪಡಿ ಬರಲಿ. ಗಡಿ ತಾಲೂಕುಗಳಲ್ಲಿ ಅದರ ಜೊತೆಗೆ ಮರಾಠಿ, ಉರ್ದು, ತೆಲುಗಿನಲ್ಲೂ ಓದಿ ಹೇಳಲಿ. ಹುಬ್ಬೇರಿಸಬೇಡಿ! ಹುಲಸೂರಿನ ಮರಾಠಿ ಒಕ್ಕಲಿಗನ ಹೊಲ ಹೋದರೂ ಹೋಗುವುದು ಕರ್ನಾಟಕದ ನೆಲವೇ. ಅವನ ಹೊಲ ಉಳಿಸಲು ಕನ್ನಡದ ಹುಡುಗ ನಿಂತ ದಿನ ನಾಗಪುರದ ಠರಾವಿಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲಿ ಕೂತ ನೀವು ಇದಕ್ಕೆ ಏನು ಮಾಡಬಹುದು ಎಂದರೆ, ನಿಮ್ಮಲ್ಲಿರುವುದು ಹಳ್ಳಿಯಲ್ಲಿಲ್ಲ. ನಿಮಗೆ ಇಂಗ್ಲಿಷು ಬರುತ್ತದೆ, ಕನ್ನಡವೂ ಬರುತ್ತದೆ. ನಿಮ್ಮ ಮನೆತನದ ಊರಿನಲ್ಲಿ, ನಿಮ್ಮ ಗೆಳೆಯನ ಊರಿನಲ್ಲಿ ಒಂದು ಅಧಿಸೂಚನೆ ಬಿದ್ದರೆ ಅವತ್ತೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ. ಕನ್ನಡದಲ್ಲೇ ಬರೆಯಿರಿ, 2005ರ ಕಾಯ್ದೆಯ 6ನೇ ಕಲಂ ಆ ಹಕ್ಕು ಕೊಟ್ಟಿದೆ. ಮಾಹಿತಿಯನ್ನು ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ತಾವಾಗಿಯೇ ಪ್ರಕಟಿಸಬೇಕೆಂದು 4ನೇ ಕಲಂ ಹೇಳುತ್ತದೆ ಎಂದು ಅರ್ಜಿಯಲ್ಲೇ ನೆನಪಿಸಿ. ವ್ಯಾಪಾರದ ಗುಟ್ಟು ಎಂದು ನಿರಾಕರಿಸಿದರೆ ಮೇಲ್ಮನವಿಯಲ್ಲಿ ಸಾರ್ವಜನಿಕ ಹಿತದ ಮಾತೆತ್ತಿ, ಅದಕ್ಕೂ 8ನೇ ಕಲಮಿನಲ್ಲೇ ದಾರಿ ಇದೆ. ಬಂದ ಇಂಗ್ಲಿಷು ಕಾಗದವನ್ನು ಕೂತು ಕನ್ನಡಕ್ಕೆ ತನ್ನಿ, ಝೆರಾಕ್ಸ್ ಮಾಡಿಸಿ ಊರಿನ ಕಟ್ಟೆಯ ಮೇಲೆ ಓದಿ.

ಒಂದು ಎಚ್ಚರ. ಮಾಹಿತಿ ಕೊಡಲು ಅವರಿಗಿರುವ ಗಡುವು 30 ದಿನ. ಆಕ್ಷೇಪಣೆ ಹಾಕಲು ರೈತನಿಗಿರುವ ಗಡುವೂ 30 ದಿನ. ಅವರು ಕೊನೆಯ ದಿನದವರೆಗೆ ಕೂತರೆ ಕಾಗದ ಕೈಗೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಕಾಗದಕ್ಕೆ ಕಾಯದೆ, ಯೋಜನೆಯ ಕಾಗದಗಳನ್ನು ನಮಗೆ ಕನ್ನಡದಲ್ಲಿ ಕೊಟ್ಟಿಲ್ಲ ಎಂಬುದನ್ನೇ ಮೊದಲ ಆಕ್ಷೇಪಣೆಯಾಗಿ ಬರೆದು ಗಡುವಿನೊಳಗೆ ಕೊಡಿಸಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. ಮನೆಮನೆಯಿಂದಲೂ ಬೇರೆ ಬೇರೆ ಅರ್ಜಿ ಇರಲಿ, ಊರಿಗೊಂದೇ ಅರ್ಜಿ ಬೇಡ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಮಾತ್ರ ಒಂದೇ ವಿಷಯ ಕೇಳಿ, 150 ಪದ ಮೀರಬೇಡಿ. ಕರ್ನಾಟಕದ ನಿಯಮ ಹಾಗಿದೆ, ಮೀರಿದರೆ ವಾಪಸು ಕಳಿಸಲು ಅವರಿಗೆ ನೆಪ ಸಿಗುತ್ತದೆ.